ಗಾರ್ಸಯ್ಯನ ರೊಟ್ಟಿ

೩ ಡಿಸೆಂಬರ್ ೧೯೪೫, ಸೋಮವಾರ
ದೊಡ್ಡಬಳ್ಳಾಪುರ

ಮನೆಯವಳು ದಿನಾ ಏನು ತಿಂದಳು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ ಅಂದರು ಡಾಕ್ಟರು. ಇವತ್ತು ಏನೂ ತಿನ್ನಲಿಲ್ಲ. ನಿನ್ನೆಯೂ ತಿನ್ನಲಿಲ್ಲ. ಇದನ್ನು ಬರೆಯುವುದಕ್ಕೆ ನೂರು ಹಾಳೆಯ ಪುಸ್ತಕ ಯಾಕೆ ಬೇಕೋ ಆ ದೇವರಿಗೇ ಗೊತ್ತು. ಕೊರಳಿಗೆ ರಬ್ಬರು ಕೊಳವೆ ನೇತುಹಾಕಿಕೊಂಡು ಬಂದು, "ಜ್ವರ ಬಿಟ್ಟಿದೆ ಕೋದಂಡರಾಮಯ್ಯನವರೇ, ಇನ್ನು ಊಟ ಸೇರಬೇಕು ಅಷ್ಟೆ" ಅಂತ ಹೇಳಿ ಹೋದರು. ಅಷ್ಟು ಹೇಳುವುದಕ್ಕೆ ನನ್ನ ಮಗ್ಗಕ್ಕೆ ಬಾಯಿ ಬಂದಿದ್ದರೂ ಸಾಕಾಗಿತ್ತು.

ಉಳಿದ ಹಾಳೆ ದಂಡವಾಗಬಾರದು ಅಂತ ಮನಸ್ಸಿಗೆ ಬಂದದ್ದನ್ನೂ ಬರೆಯುತ್ತೇನೆ. ಡಾಕ್ಟರಿಗೆ ಬೇರೆ ಚೀಟಿ ಕೊಟ್ಟರಾಯಿತು.

ವಿಷಮಶೀತ ಜ್ವರದಲ್ಲಿ ನಲವತ್ತು ದಿನ ಮಲಗಿದಳು. ಬಿಟ್ಟು ಹನ್ನೆರಡು ದಿನವಾಯಿತು. ಏನು ಕೊಟ್ಟರೂ ಮಣ್ಣು ಅಂತಾಳೆ, ತುಟಿ ಬಿಗಿದುಕೊಳ್ಳುತ್ತಾಳೆ. ನನ್ನ ಅಕ್ಕ ಪಾಪಕ್ಕ ಅಡುಗೆಗೆ ಅಂತ ಬಂದು ಕೂತಿದ್ದಾಳೆ, ಅವಳ ಕೈರುಚಿ ಕಂಡರೆ ಹುಷಾರಾಗಿರುವವರೂ ಮಲಗಬೇಕು. ಮೊನ್ನೆ ಅಂಬಲಿಗೆ ಎರಡು ಸಲ ಉಪ್ಪು ಹಾಕಿಬಿಟ್ಟಿದ್ದಳು. ನಾನು ಬಾಯಿಗಿಟ್ಟು ಉಗಿದೆ. ಇವಳು ಎರಡು ಚಮಚ ಕುಡಿದು ಸುಮ್ಮನೆ ಮಲಗಿದಳು. ಒಂದು ಹರಳು ಉಪ್ಪು ಹೆಚ್ಚಾದರೆ ಇಡೀ ಬೀದಿಗೆ ಕೇಳುವ ಹಾಗೆ ಮಾತಾಡುತ್ತಿದ್ದ ಹೆಂಗಸು. ಈಗ ಮನೆ ತಣ್ಣಗಿದೆ. ಪಕ್ಕದ ಮನೆಯ ಕರೆಂಟು ಮಗ್ಗಗಳು ಮಾತ್ರ ಬಡಿದುಕೊಳ್ಳುತ್ತಿವೆ.

೭ ಡಿಸೆಂಬರ್, ಶುಕ್ರವಾರ

ಇವಳ ತಮ್ಮ ಮುನಿಸ್ವಾಮಿ ಬಂದಿದ್ದಾನೆ. ಬೆಂಗಳೂರಿನಲ್ಲಿ ಅಮೆರಿಕದ ಸೋಲ್ಜರುಗಳ ಕ್ಯಾಂಪಿನ ಅಡುಗೆ ಮನೆಯಲ್ಲಿದ್ದ. ಯುದ್ಧ ಮುಗಿಯಿತು, ಅವರು ಗಂಟು ಕಟ್ಟಿದರು, ಇವನನ್ನು ಮನೆಗೆ ಕಳಿಸಿದರು. ಎರಡು ವರ್ಷ ಪಾತ್ರೆ ಉಜ್ಜಿ ಬಂದವನು ಕುಕ್ ಅಂತ ಹೇಳಿಕೊಳ್ಳುತ್ತಾನೆ. ನಮ್ಮ ಕುಲದಲ್ಲಿ ಹುಟ್ಟಿ ಲಾಳಿ ಹಿಡಿಯಲು ಬಾರದ ಒಬ್ಬನೇ ಒಬ್ಬ ಇವನು. ಮಾತಿಗೊಂದು ಓಕೆ ಅಂತಾನೆ. ಪಾಪಕ್ಕ ಕಾಫಿ ಕೊಟ್ಟರೆ ಓಕೆ, ಚಾಪೆ ಹಾಸಿದರೆ ಓಕೆ.

ತನ್ನ ಅಕ್ಕನ ಹಾಸಿಗೆ ಪಕ್ಕ ಕೂತು ಒಂದು ಗಂಟೆ ಕೊರೆದ. ಗಾರ್ಸಿಯಾ ಅಂತ ಒಬ್ಬ ದೊಡ್ಡ ಅಡುಗೆಯವನಂತೆ. ಇವನ ಬಾಯಲ್ಲಿ ಗಾರ್ಸಯ್ಯ ಆಗಿದ್ದಾನೆ. ಅವನ ಅಪ್ಪ ಅಮ್ಮ ಮೆಕ್ಸಿಕೋ ಅನ್ನುವ ದೇಶದವರು, ಅದು ಅಮೆರಿಕದ ಕೆಳಗಿದೆಯಂತೆ. ಕೆಲಸ ಜಾಸ್ತಿ ಇದ್ದ ದಿನ ಸಂಜೆ ಊಟಕ್ಕೆ ಅವನು ಒಂದು ಸುಲಭದ ರೊಟ್ಟಿ ಮಾಡುತ್ತಿದ್ದನಂತೆ. ಅದರ ಬಗೆಯನ್ನು ಇಲ್ಲಿ ಬರೆದಿಡುತ್ತೇನೆ. ಮುಂದೆ ಯಾವತ್ತಾದರೂ ನಗಬೇಕು ಅನ್ನಿಸಿದರೆ ತೆಗೆದು ಓದಬಹುದು.

ಹಿಟ್ಟು ಕಲಸುವ ಹಾಗೇ ಇಲ್ಲ, ಬೇಕರಿಯಿಂದ ಉಬ್ಬಿದ ಹಿಟ್ಟನ್ನೇ ಕೊಂಡು ತರುವುದು. (ಮನೆಯಲ್ಲಿ ಕೈ ಇರುವ ಹೆಂಗಸರಿಲ್ಲವೇನೋ ಆ ದೇಶದಲ್ಲಿ.) ದಪ್ಪ ತಳದ ಬಾಣಲೆಗೆ ಎಣ್ಣೆ ಸವರಿ, ಹಿಟ್ಟನ್ನು ಬೆರಳಲ್ಲಿ ಒತ್ತಿ ಹರಡುವುದು, ಅಂಚು ಎತ್ತರವಾಗಿರಬೇಕು. ಕಾಳು ಮೆತ್ತಗೆ ಬೇಯಿಸಿ ಅರ್ಧ ಮಸೆಯುವುದು. ಅವರದು ಡಬ್ಬಿಯ ಕೆಂಪು ಕಾಳು, ಇಲ್ಲಿ ಹಿತಕಿದ ಅವರೆಕಾಳೇ ಸಾಕಂತೆ. ಈರುಳ್ಳಿ, ಟೊಮೇಟೊ ಹಣ್ಣು, ಒಣಮೆಣಸಿನಕಾಯಿ, ಹುರಿದ ಜೀರಿಗೆ ಹಾಕಿ ಗಟ್ಟಿಯಾಗಿ ಕುದಿಸುವುದು. ಅದನ್ನು ಹಿಟ್ಟಿನ ಮೇಲೆ ಸುರಿಯುವುದು. ಅದರ ಮೇಲೆ ಚೀಸು ಅಂತ ಒಂದು ಗಡ್ಡೆ, ಡಬ್ಬಿ ತಂದಿದ್ದಾನೆ, ನೋಡುವುದಕ್ಕೆ ಬಟ್ಟೆ ಸೋಪು. ತಗಡಿನ ತಟ್ಟೆ ಮುಚ್ಚಿ ಕೆಳಗೂ ಕೆಂಡ, ಮೇಲೂ ಕೆಂಡ. ಅರ್ಧ ಗಂಟೆ.

ಇಷ್ಟೇ. ಜೀರಿಗೆ, ಮೆಣಸಿನಕಾಯಿ, ಈರುಳ್ಳಿ, ಅವರೆಕಾಳು. ನಮ್ಮ ಮನೆಯ ಸಾರನ್ನು ಗಟ್ಟಿ ಮಾಡಿ ಬನ್ನಿನ ಮೇಲೆ ಚೆಲ್ಲಿ, ಸಮುದ್ರ ದಾಟಿ ಬಂದು ನಮಗೇ ಕಲಿಸುತ್ತಿದ್ದಾರೆ. ಇದನ್ನು ಅವನಿಗೆ ಹೇಳಿಯೂ ಹೇಳಿದೆ.

"ತಿಂದು ನೋಡಿ ಮಾತಾಡಿ ಭಾವ" ಅಂದ.

ಆಗ ಇವಳು ಕಣ್ಣು ಬಿಟ್ಟಳು. "ಅದನ್ನ ನಂಗೆ ಮಾಡ್ಕೊಡ್ತೀಯಾ ಮುನಿ?" ಅಂದಳು. ಹದಿನಾರು ದಿನ ಏನು ಬೇಕು, ಏನು ಬೇಕು ಅಂತ ನಾನು ಕೇಳಿ ಕೇಳಿ ನಾಲಿಗೆ ಸವೆದಿದೆ. ನನ್ನ ಹತ್ತಿರ ಒಂದು ಮಾತಿಲ್ಲ. ಆ ಪಾತ್ರೆ ಉಜ್ಜುವವನು ಬಂದು ಕಾಗೆ ಗುಬ್ಬಿ ಕತೆ ಹೇಳಿದ ಕೂಡಲೇ ಬಾಯಿ ಬಂತು.

ತಿಂದದ್ದು: ಎರಡು ಚಮಚ ಎಳನೀರು.

೯ ಡಿಸೆಂಬರ್, ಭಾನುವಾರ

ಡಾಕ್ಟರು ಬಂದಿದ್ದರು. ಡಬಲ್ ರೊಟ್ಟಿ, ಹಾಲು ಕೊಡಿ ಅಂತ ಅವರೇ ಹೇಳಿದ್ದು, ಇವಳು ಅದನ್ನೂ ವಾಪಸ್ಸು ಕಳಿಸಿದ್ದಾಳೆ ಅಂದೆ. ನಾಡಿ ಹಿಡಿದು ನೋಡಿ ನನ್ನನ್ನು ಹೊರಗೆ ಕರೆದುಕೊಂಡು ಹೋದರು.

"ಹೀಗೇ ಇನ್ನೊಂದು ಎಂಟು ದಿನ ಹೋದರೆ ನನ್ನ ಕೈಲಿಲ್ಲ. ಏನು ಕೇಳ್ತಾರೋ ಕೊಡಿ. ಕಾಳು ಮೆತ್ತಗೆ ಬೆಂದಿರಲಿ, ಖಾರ ಕಮ್ಮಿ ಇರಲಿ, ಮಿಕ್ಕಿದ್ದು ನಾನು ಕೇಳಲ್ಲ."

ಅಷ್ಟು ಓದಿದವರು ಕೊನೆಗೆ ಗಾರ್ಸಯ್ಯನ ಕೈಗೆ ಒಪ್ಪಿಸಿದರು.

ಪಾಪಕ್ಕ ಬೇರೆ, "ನಲವತ್ತೈದಕ್ಕೆ ಬಯಕೆ ಶುರುವಾಯ್ತಲ್ಲೋ ಕೋದಂಡ" ಅಂತ ನಗುತ್ತಾಳೆ. ನನಗೆ ನಗು ಬರಲಿಲ್ಲ. ಮಾಡಲಿ ಅಂದೆ. ಆದರೆ ಬೇಕರಿ ಹಿಟ್ಟನ್ನು ಅಡುಗೆ ಮನೆಯೊಳಗೆ ಬಿಡಲ್ಲ ಅಂತ ಪಾಪಕ್ಕ ಹಟ ಹಿಡಿದಿದ್ದಾಳೆ. ಯಾರು ಮುಟ್ಟಿದ್ದೋ, ಯಾವ ನೀರಲ್ಲಿ ಕಲಸಿದ್ದೋ ಅಂತ. ಹಿತ್ತಲಲ್ಲಿ ಒಲೆ ಹೂಡಿಕೊಳ್ಳಲಿ.

೧೧ ಡಿಸೆಂಬರ್, ಮಂಗಳವಾರ

ಇವತ್ತು ಆದದ್ದು ಪೂರ್ತಿ ನನ್ನ ತಪ್ಪಲ್ಲ. ಇದನ್ನು ಮೊದಲೇ ಬರೆದಿಡುತ್ತೇನೆ.

ಬಸ್ ಸ್ಟ್ಯಾಂಡ್ ಹತ್ತಿರದ ಅಪ್ಪಯ್ಯಣ್ಣನ ಬೇಕರಿಗೆ ರೇಷನ್ ಮೈದಾ ಬರುವುದು ವಾರಕ್ಕೆ ಎರಡೇ ದಿನ, ಮಂಗಳವಾರ ಮತ್ತು ಶುಕ್ರವಾರ. ಮುನಿಸ್ವಾಮಿ ಬೆಳಗ್ಗೆ ಆರಕ್ಕೇ ಹೋಗಿ ಹಿಟ್ಟು ತಂದ. ಅಡುಗೆ ಮನೆಗೆ ಬಿಡುವುದಿಲ್ಲವಲ್ಲ, ಪಡಸಾಲೆಯ ಮೂಲೆಯಲ್ಲಿ ಮಡಕೆಯಲ್ಲಿಟ್ಟು ಒದ್ದೆ ಬಟ್ಟೆ ಮುಚ್ಚಿ, ಅವರೆಕಾಯಿ ಟೊಮೇಟೊ ತರುವುದಕ್ಕೆ ಮಾರ್ಕೆಟ್ಟಿಗೆ ಹೋದ. ಆ ಮೂಲೆ ಯಾವುದು? ಮೂವತ್ತು ವರ್ಷದಿಂದ ಮಗ್ಗದ ನೂಲಿಗೆ ಹಾಕುವ ಗಂಜಿಯ ಮೈದಾವನ್ನು ನೆನೆಸಿಡುವ ಮೂಲೆ. ಊರೆಲ್ಲಾ ಜಾಗವಿತ್ತು, ಇವನಿಗೆ ಸಿಕ್ಕಿದ್ದು ಅದೊಂದೇ.

ನಾನು ಮೂರು ಸೀರೆಗಾಗುವ ಉದ್ದನೂಲಿನ ಹಾಸನ್ನು ಬೀದಿಯಲ್ಲಿ ಎಳೆದು ಕಟ್ಟಿದ್ದೆ. ಬಿಸಿಲೇರುವುದರೊಳಗೆ ನೂಲಿಗೆ ಗಂಜಿ ಬಳಿಯಬೇಕು. ಒಳಗೆ ಬಂದೆ, ಮೂಲೆಯಲ್ಲಿ ಮಡಕೆ, ಮಡಕೆಯಲ್ಲಿ ಮೈದಾ. ಉಬ್ಬಿತ್ತು, ಹುಳಿ ವಾಸನೆ ಬರುತ್ತಿತ್ತು. ಪಾಪಕ್ಕ ನಿನ್ನೆಯೇ ನೆನೆಸಿ ಕೆಡಿಸಿದ್ದಾಳೆ ಅಂದುಕೊಂಡೆ. ಹಂಡೆಯಲ್ಲಿ ಕುದಿಯುತ್ತಿದ್ದ ನೀರಿಗೆ ಹಾಕಿ ಕಟ್ಟಿಗೆಯಲ್ಲಿ ತಿರುವಿದೆ. ಗಂಟು ಗಂಟಾಯಿತು. ಬೈದುಕೊಂಡು ಬಟ್ಟೆಯಲ್ಲಿ ಸೋಸಿ, ಕುಂಚ ಹಿಡಿದು ಹಾಸಿನ ಉದ್ದಕ್ಕೂ ಬಳಿದೆ. ನಮ್ಮ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಆ ಮೂಲೆಯ ಆ ಮಡಕೆಯಲ್ಲಿ ಮೈದಾ ಕಂಡರೆ ಅವರೂ ಅದನ್ನೇ ಮಾಡುತ್ತಿದ್ದರು.

ಮುನಿಸ್ವಾಮಿ ಬಂದು ಖಾಲಿ ಮಡಕೆ ನೋಡಿ ಬೀದಿಗೆ ಓಡಿ ಬಂದ.

"ಭಾವ, ಮಡಕೇಲಿದ್ದ ಹಿಟ್ಟೆಲ್ಲಿ?"

"ಹಾಸಿನ ಮೇಲಿದೆ" ಅಂದೆ.

ನನ್ನ ಜೊತೆ ಹಾಸು ಹಿಡಿದು ನಿಂತಿದ್ದ ಬೀದಿಯವರೆಲ್ಲ ಬಿದ್ದು ಬಿದ್ದು ನಕ್ಕರು. ನನಗೂ ಕೋಪ ಬಂತು, ಹೇಳಿಬಿಟ್ಟೆ. ಬಿಳಿಯರ ಎಂಜಲು ತಟ್ಟೆ ತೊಳೆದವನಿಗೆ ನೇಯುವವರ ಮನೆಯಲ್ಲಿ ಏನು ಎಲ್ಲಿಡಬೇಕು ಅಂತ ಮರೆತುಹೋಗಿದೆ ಅಂದೆ. ಎಲ್ಲರ ಎದುರಿಗೇ ಅಂದೆ. ಅವನು ಅವರೆಕಾಯಿ ಚೀಲ ಕೆಳಗಿಟ್ಟ.

"ನಿಮಗೆ ಹಾಸು ಬೇಕೋ ಅಕ್ಕ ಬೇಕೋ ಮೊದ್ಲು ತೀರ್ಮಾನ ಮಾಡ್ಕೊಳ್ಳಿ ಭಾವ" ಅಂದ. ಹನ್ನೊಂದರ ಬಸ್ಸಿಗೆ ಟ್ರಂಕು ಎತ್ತಿಕೊಂಡು ಬೆಂಗಳೂರಿಗೆ ಹೋದ. ಹೋಗಲಿ. ಓಕೆ.

ಒಳಗೆ ಹೋದರೆ ಇವಳು ದಿಂಬಿಗೆ ಒರಗಿ ಎದ್ದು ಕೂತಿದ್ದಾಳೆ. ಪಾಪಕ್ಕನ ಕೈಲಿ ತಲೆ ಬಾಚಿಸಿಕೊಂಡಿದ್ದಾಳೆ. ಐವತ್ತು ದಿನಕ್ಕೆ ಮೇಲಾಯಿತು ಹಾಗೆ ಕೂತು. "ಆಯ್ತಾ?" ಅಂದಳು. ಯಾರೂ ಹೇಳಿರಲಿಲ್ಲ, ನಾನೇ ಹೇಳಬೇಕಾಯಿತು. ಪೂರ್ತಿ ಕೇಳಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದಿಂಬು ಸರಿಸಿಕೊಂಡು ಗೋಡೆ ಕಡೆ ತಿರುಗಿ ಮಲಗಿದಳು.

ತಿಂದದ್ದು: ಇಲ್ಲ.

೧೨ ಡಿಸೆಂಬರ್, ಬುಧವಾರ

ಬೇಕರಿಯವನು ಹಿಟ್ಟಿಗೆ ಸಕ್ಕರೆ ಹಾಕಿರುತ್ತಾನಂತೆ. ಹಾಸಿನ ತುಂಬ ಇರುವೆ.

ಇವಳು ನೀರೂ ಕುಡಿಯಲಿಲ್ಲ. ಮಧ್ಯಾಹ್ನ ಪಾಪಕ್ಕ ಇಲ್ಲದಾಗ ನಾಗೂ ಅಂತ ಕರೆದೆ. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಹೆಸರು ಹಿಡಿದು ಕರೆದವನಲ್ಲ. ತಿರುಗಿ ನೋಡಲಿಲ್ಲ. ನನಗೆ ಭಯವಾಗುತ್ತಿದೆ.

೧೪ ಡಿಸೆಂಬರ್, ಶುಕ್ರವಾರ

ಬೇಕರಿಗೆ ನಾನೇ ಹೋಗಿದ್ದೆ. ಅದೇ ದಾರಿಯಲ್ಲಿ ನೂಲಿನ ಅಂಗಡಿಯಲ್ಲಿ ಕೆಲಸವಿತ್ತು, ಅದಕ್ಕೆ. ನೂಲಿನ ಅಂಗಡಿ ಬೆಳಗ್ಗೆ ಆರಕ್ಕೆ ತೆಗೆದಿರಲಿಲ್ಲ.

ಅಪ್ಪಯ್ಯಣ್ಣ ಹಿತ್ತಲಲ್ಲಿ ಹಿಟ್ಟಿನ ಮರದ ತೊಟ್ಟಿ ಮುಂದೆ ನಿಂತಿದ್ದ. ಮೊಣಕೈತನಕ ಮೈದಾ. ಪಕ್ಕದಲ್ಲಿ ಒಂದು ಮಣ್ಣಿನ ಗಡಿಗೆ. ವಾಸನೆ ನನಗೆ ಗೊತ್ತು, ಗೊತ್ತಿಲ್ಲದೆ ಏನು. ಪ್ರತಿ ವರ್ಷ ಭಜನೆ ಮನೆಯಲ್ಲಿ ಹೆಂಡ ಬಿಡಿ ಅಂತ ಭಾಷಣ ಮಾಡುವವನು ನಾನೇ.

"ಇದೇನಪ್ಪಾ ಇದು?"

"ಈಚಲ ಹೆಂಡ ಯಜಮಾನರೇ. ಇದಿಲ್ದೆ ಹಿಟ್ಟು ಉಬ್ಬೋದು ಹೆಂಗೆ? ಕೆಂಡದ ಮೇಲೆ ಹೋದ್ರೆ ಏನೂ ಉಳಿಯಲ್ಲ ಬಿಡಿ. ಡಾಕ್ಟ್ರು ರೋಗಿಗಳಿಗೆಲ್ಲ ಡಬಲ್ ರೊಟ್ಟಿ ತಿನ್ನಿ ಅಂತಾರಲ್ಲ, ಅದೂ ಇದೇ."

ಹೋದ ವರ್ಷದ ಭಾಷಣಕ್ಕೆ ಇವನೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ. ಕೊನೆಯಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದ, ಬೇವಾರ್ಸಿ.

ಗಡಿಗೆಗೆ ಬೆನ್ನು ಹಾಕಿ ನಿಂತೆ. ಆಮೇಲೆ, ನಾನು ಏನೂ ಕೇಳಲಿಲ್ಲ, ನೀನು ಏನೂ ಹೇಳಲಿಲ್ಲ, ಹಿಟ್ಟು ಕಟ್ಟು ಅಂದೆ. ಬಾಳೆಲೆಯಲ್ಲಿ ಕಟ್ಟಿಕೊಟ್ಟ. ದಾರಿಯುದ್ದಕ್ಕೂ ಅದು ಕಂಕುಳಲ್ಲಿ ಉಬ್ಬುತ್ತಲೇ ಇತ್ತು. ಮೆಟ್ಟಿಲ ಮೇಲೆ ಕೂತವರೆಲ್ಲ ಏನು ಕೋದಂಡರಾಮಯ್ಯ, ಏನು ಅಂತ ಕೇಳುವವರೇ. ಗಂಜಿಗೆ ಅಂದೆ. ಅದಕ್ಕೂ ನಕ್ಕರು. ಈ ಬೀದಿಯಲ್ಲಿ ಕೆಲಸವಿರುವವರು ಯಾರೂ ಇಲ್ಲ.

ಮೂಲೆಯಲ್ಲಿ ಇಡಲಿಲ್ಲ. ಮಗ್ಗದ ಮೇಲಿಟ್ಟೆ. ಈ ಪುಸ್ತಕ ತೆಗೆದು ೭ನೇ ತಾರೀಖಿನ ಹಾಳೆ ನೋಡಿಕೊಂಡು ಮಾಡಿದೆ. ನಗುವುದಕ್ಕೆ ಅಂತ ಬರೆದಿಟ್ಟದ್ದು, ನಗುವುದಕ್ಕೆ ಪುರಸೊತ್ತಾಗಲಿಲ್ಲ. ಅವರೆಕಾಳು ಹಿತಕುವುದು ಅಂದರೆ ಏನು ಅಂತ ಇವತ್ತು ಗೊತ್ತಾಯಿತು. ಒಂದು ಬೊಗಸೆ ಕಾಳಿಗೆ ಹೆಬ್ಬೆರಳ ಉಗುರು ಸಂದಿ ಉರಿಯುತ್ತದೆ. ಪ್ರತಿ ಅವರೆ ಕಾಲದಲ್ಲಿ ಇವಳು ಸೇರುಗಟ್ಟಲೆ ಹಿತಕಿ ಹಾಕುತ್ತಿದ್ದಳು, ನಾನು ಉಂಡು ಏಳುತ್ತಿದ್ದೆ. ಇದರಲ್ಲಿ ಹೇಳುವಂಥದ್ದೇನೂ ಇಲ್ಲ, ಸುಮ್ಮನೆ ಬರೆದೆ.

ಚೀಸಿನ ಡಬ್ಬಿಯನ್ನು ಮುನಿಸ್ವಾಮಿ ಕಿಟಕಿಯಲ್ಲೇ ಬಿಟ್ಟು ಹೋಗಿದ್ದ. ಉಳಿ ಇಟ್ಟು ಹೊಡೆದು ತೆಗೆದೆ. ಪಾಪಕ್ಕ ಸೆರಗಲ್ಲಿ ಮೂಗು ಮುಚ್ಚಿಕೊಂಡು ಬೀದಿ ಬಾಗಿಲಿಗೆ ಹೋದಳು.

ಅರ್ಧ ಗಂಟೆ ಅಂದರೆ ಯಾವ ಕೆಂಡಕ್ಕೆ ಅರ್ಧ ಗಂಟೆ, ಹುಣಸೆ ಕಟ್ಟಿಗೆಯ ಕೆಂಡಕ್ಕೋ ಸರ್ವೆ ಕಟ್ಟಿಗೆಯ ಕೆಂಡಕ್ಕೋ, ಆ ಮಹಾನುಭಾವ ಹೇಳಿರಲಿಲ್ಲ. ತಳ ಸೀದು ಹೋಯಿತು. ಮೇಲೆ ಹಸಿ. ನಡುವೆ ಮಾತ್ರ ಒಂದು ಬೆರಳು ದಪ್ಪ ಮೆತ್ತಗೆ, ಕೆಂಪಗೆ ಬೆಂದಿತ್ತು. ಅಷ್ಟನ್ನು ಕೆರೆದು ತಟ್ಟೆಯಲ್ಲಿ ಇಟ್ಟುಕೊಂಡು ಹೋದೆ.

ಗೋಡೆ ಕಡೆಯೇ ತಿರುಗಿದ್ದಳು. "ಮುನಿ ಬಂದ್ನಾ?" ಅಂದಳು. ಹೂಂ ಅಂದೆ. ಈ ಕಡೆ ತಿರುಗಿದಳು. ನಾನು ಚೂರು ಮುರಿದು ಬಾಯಿಗಿಟ್ಟೆ. ಅಗಿದಳು, ಬಹಳ ಹೊತ್ತು ಅಗಿದಳು, ನುಂಗಿದಳು. ಇನ್ನೊಂದು ಚೂರು. ಆಮೇಲೆ ಸಾಕು ಅಂದಳು. ರುಚಿ ಹೇಗಿದೆ ಅಂದರೆ ಗೊತ್ತಾಗಲ್ಲ ಅಂದಳು.

ತಿಂದದ್ದು: ಎರಡು ಚೂರು.

ಡಾಕ್ಟರ ಚೀಟಿಯಲ್ಲಿ ಅಡುಗೆ ಮಾಡಿದವರು ಯಾರು ಅಂತ ಬರೆಯಬೇಕಾಗಿಲ್ಲ. ಸೀದ ಬಾಣಲೆಯನ್ನು ನಾನೇ ಉಜ್ಜಿದೆ. ಬೂದಿ, ಹುಣಸೆಹಣ್ಣು, ತೆಂಗಿನ ನಾರು ಹಾಕಿ ಎಷ್ಟು ತಿಕ್ಕಿದರೂ ಬಿಡಲೊಲ್ಲದು. ಎರಡು ವರ್ಷ ಇದನ್ನೇ ಹೇಗೆ ಮಾಡಿದನೋ.

೧೬ ಡಿಸೆಂಬರ್, ಭಾನುವಾರ

ಎರಡು ಚಮಚ ಹಾಲು. ಮೂಸಂಬಿ ತೊಳೆ ಒಂದು, ಅದನ್ನೂ ಉಗಿದಳು.

ಮುನಿಸ್ವಾಮಿಗೆ ಒಂದು ಕಾರ್ಡು ಬರೆದು ಹಾಕಿದೆ. ಬೆಂಗಳೂರಿನಲ್ಲಿ ಅವನ ದೊಡ್ಡಪ್ಪನ ಮನೆಗೆ ಹೋಗಿರಬೇಕು, ಬೇರೆಲ್ಲಿ ಹೋಗುತ್ತಾನೆ. ನಾಲ್ಕು ಸಾಲು ಬರೆದು ಹರಿದೆ, ಮತ್ತೆ ಬರೆದೆ. "ನಿನ್ನ ಅಕ್ಕ ಕೇಳುತ್ತಾಳೆ, ಬರುವುದು. ಚೀಸು ಮುಗಿದಿದೆ. ಮಡಕೆಯ ವಿಷಯದಲ್ಲಿ ನಾನು ಆಡಿದ ಮಾತು ಹೆಚ್ಚಾಯಿತು ಅಂತ ಪಾಪಕ್ಕ ಅನ್ನುತ್ತಾಳೆ." ಪಾಪಕ್ಕ ಹಾಗೆ ಅಂದಿಲ್ಲ. ಕೇಳಿದರೆ ಅನ್ನುತ್ತಿದ್ದಳು.

ಪಾಪಕ್ಕ ಇವತ್ತು ಇವಳ ರಾಟೆಯನ್ನು ಅಟ್ಟಕ್ಕೆ ಹಾಕೋಣ, ಜಾಗವಾಗುತ್ತೆ ಅಂದಳು. ನೂಲು ಸುತ್ತುವವರಿಲ್ಲದೆ ಎರಡು ತಿಂಗಳಿಂದ ಮೂಲೆಯಲ್ಲಿ ಕೂತಿದೆ. ಅದನ್ನು ಮುಟ್ಟಿದರೆ ಕೈ ಮುರಿಯುತ್ತೇನೆ ಅಂದೆ. ನನಗಿಂತ ಹತ್ತು ವರ್ಷ ದೊಡ್ಡವಳು. ಅತ್ತಳು. ಅಳಲಿ.

೧೮ ಡಿಸೆಂಬರ್, ಮಂಗಳವಾರ

ಅಪ್ಪಯ್ಯಣ್ಣ ಇವತ್ತು ನನ್ನನ್ನು ಕಂಡ ಕೂಡಲೇ ಬಾಳೆಲೆ ಹರಿದ. ಹೆಂಡದ ಗಡಿಗೆ ಮೇಲೆ ಗೋಣಿ ಮುಚ್ಚಿದ್ದ. ಅಷ್ಟು ಮರ್ಯಾದೆ ಕಲಿತಿದ್ದಾನೆ.

ಚೀಸು ಇಲ್ಲ. ಗಟ್ಟಿ ಮೊಸರನ್ನು ರಾತ್ರಿಯೇ ಬಟ್ಟೆಯಲ್ಲಿ ಕಟ್ಟಿ ನೇತುಹಾಕಿದ್ದೆ, ಅದನ್ನೇ ಮೇಲೆ ಹರಡಿದೆ. ಸೋಪಿಗಿಂತ ಮೇಲು. ಕೆಳಗೆ ನಾಲ್ಕೇ ಕೆಂಡ, ಮೇಲೆ ತಟ್ಟೆ ತುಂಬ ಕೆಂಡ, ಇದನ್ನು ಗಾರ್ಸಯ್ಯನೂ ಹೇಳಲಿಲ್ಲ, ಅವನ ಶಿಷ್ಯನೂ ಹೇಳಲಿಲ್ಲ, ನಾನೇ ಕಂಡುಕೊಂಡದ್ದು. ಕಾಳು ಕುದಿಯುವಾಗ ಪಾಪಕ್ಕ ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಭಾನುವಾರದಿಂದ ನನ್ನ ಹತ್ತಿರ ಮಾತಿಲ್ಲ. ನಾನು ಕಟ್ಟಿಗೆ ತರುವುದಕ್ಕೆ ಹೋದಾಗ ಒಲೆ ಹತ್ತಿರ ಬಂದು ಸೌಟು ಆಡಿಸಿ ಹೋದದ್ದು ಕಂಡಿತು. ಬೇಕರಿ ಹಿಟ್ಟು ಮುಟ್ಟಲ್ಲ ಅಂತ ಹಟ ಮಾಡಿದವಳು.

ಈ ಸಲ ತಳ ಹೊಂಬಣ್ಣಕ್ಕೆ ಬಂದಿತ್ತು. ಅಂಚು ಉಬ್ಬಿ ನಿಂತಿತ್ತು. ಕುಯ್ದರೆ ಹಬೆ ಬಂತು. ಪರವಾಗಿಲ್ಲ ಅನ್ನುವ ಹಾಗಿತ್ತು. ಒಂದು ತುಂಡು ತಟ್ಟೆಯಲ್ಲಿ ಹಾಕಿ ತೆಗೆದುಕೊಂಡು ಹೋದೆ. ದಿಂಬು ಎತ್ತಿ ಒರಗಿಸಿ ಕೂರಿಸಿದೆ. ಹಕ್ಕಿಯಷ್ಟೂ ತೂಕವಿಲ್ಲ. ಒಂದು ಚೂರು ಬಾಯಿಗಿಟ್ಟೆ.

ಅಗಿದಳು. ನಿಲ್ಲಿಸಿದಳು. ಮುಖ ಹಿಂಡಿದಳು. ಮುಗಿಯಿತು, ಇದನ್ನೂ ಉಗಿಯುತ್ತಾಳೆ ಅಂದುಕೊಂಡು ತಟ್ಟೆ ಮುಂದೆ ಹಿಡಿದೆ.

"ಯಾರ್ರೀ ಮಾಡಿದ್ದು ಇದನ್ನ?"

"ಮುನಿಸ್ವಾಮಿ."

"ಸುಳ್ಳು ಹೇಳ್ಬೇಡಿ. ನಿಮ್ಮ ಮೈಯೆಲ್ಲಾ ಹೊಗೆ ವಾಸನೆ, ಹುಬ್ಬಲ್ಲಿ ಮೈದಾ ಇದೆ. ಇಷ್ಟು ಉಪ್ಪು ಹಾಕ್ತಾರೇನ್ರೀ ಯಾರಾದ್ರೂ? ಇದನ್ನ ಮನುಷ್ಯರು ತಿಂತಾರಾ?"

ಬಾಗಿಲಲ್ಲಿ ನಿಂತಿದ್ದ ಪಾಪಕ್ಕ ಹಾಗೇ ಹೊಸಿಲ ಮೇಲೆ ಕೂತುಬಿಟ್ಟಳು.

ಕೇಳಿಸಲಿಲ್ಲ, ಏನಂದೆ, ಅಂದೆ.

"ಉಪ್ಪು ಜಾಸ್ತಿ ಅಂದೆ."

ಪಕ್ಕದ ಮನೆ ಮಗ್ಗದ ಸದ್ದು, ಸರಿಯಾಗಿ ಹೇಳು, ಅಂದೆ.

"ಉಪ್ಪು, ಉಪ್ಪು. ಕಿವಿಗೇನಾಗಿದೆ ನಿಮಗೆ? ಬಾಯಿಗಿಡಕ್ಕಾಗಲ್ಲ. ಬೇಕರಿಯವನು ಹಿಟ್ಟಿಗೆ ಹಾಕಿರ್ತಾನೆ, ಮೇಲೆ ಕಾಳಿಗೂ ಹಾಕಿದೀರ. ಅಷ್ಟೂ ತಿಳಿಯಲ್ವಾ? ಪಾಪಕ್ಕ, ನೀವಾದ್ರೂ ನೋಡಬಾರದಾಗಿತ್ತಾ?"

ಕೊನೆಯ ಮಾತು ಬೀದಿಗೆ ಕೇಳಿತು. ಹಾಸು ಬಿಚ್ಚುತ್ತಿದ್ದವರು ತಲೆಯೆತ್ತಿ ನೋಡಿದರು. ಪಾಪಕ್ಕ ಅಳುತ್ತಾ ನಗುತ್ತಾ, ನಾನೂ ಒಂದು ಹಿಡಿ ಹಾಕಿಬಿಟ್ಟೆ ಕಣೇ ನಾಗು ಅಂದಳು. ಸೌಟು ಆಡಿಸಿದ್ದರ ಗುಟ್ಟು ಅದು. ಇವಳು ಬೈಯುತ್ತಲೇ ಮೇಲಿನ ಮೊಸರನ್ನು ಬೆರಳಲ್ಲಿ ಸರಿಸಿ, ಅದರ ಜೊತೆ ಸೇರಿಸಿಕೊಂಡು ಅರ್ಧ ತುಂಡು ತಿಂದಳು. ಒಂದು ಲೋಟ ನೀರು ಕೇಳಿ ಕುಡಿದಳು.

ಎಂಥ ದುರಹಂಕಾರ. ಬೆಳಗ್ಗೆ ಐದಕ್ಕೆ ಎದ್ದು, ಊರವರ ಕೈಲಿ ನಗಿಸಿಕೊಂಡು, ಉಗುರು ಕಿತ್ತುಹೋಗುವ ಹಾಗೆ ಕಾಳು ಹಿತಕಿ, ಕೆಂಡದ ಮುಂದೆ ಮುಖ ಬೇಯಿಸಿಕೊಂಡು ಮಾಡಿದ್ದಕ್ಕೆ ಸಿಕ್ಕ ಬಹುಮಾನ ಇದು. ನನ್ನ ಅಡುಗೆಗೆ ಇಪ್ಪತ್ತೆಂಟು ವರ್ಷದಲ್ಲಿ ಯಾರೂ ಹೆಸರಿಟ್ಟಿರಲಿಲ್ಲ.

ಉಳಿದ ರೊಟ್ಟಿಯನ್ನು ಹಿತ್ತಲಲ್ಲಿ ಕೂತು ನಾನೇ ತಿಂದೆ. ಹೌದು, ಉಪ್ಪು ಜಾಸ್ತಿ. ನಾಲಿಗೆ ಮೇಲೆ ಇಡುವ ಹಾಗಿಲ್ಲ. ಪೂರ್ತಿ ತಿಂದೆ.

ಡಾಕ್ಟರ ಚೀಟಿಯಲ್ಲಿ ತಿಂದದ್ದು ಅರ್ಧ ತುಂಡು ಅಂತ ಬರೆದೆ. ಅವರು ಕೇಳಿರಲಿಲ್ಲ, ಆದರೂ ಅದರ ಕೆಳಗೆ ಅಂದದ್ದು ಉಪ್ಪು ಜಾಸ್ತಿ ಅಂತಲೂ ಬರೆದಿದ್ದೇನೆ.

ಶುಕ್ರವಾರ ಮತ್ತೆ ಹಿಟ್ಟು ಬರುತ್ತದೆ. ಕಾಳಿಗೆ ಉಪ್ಪು ಹಾಕಬಾರದು.